ಅಣಬೆಗೆ ಬಂದ ಅವ್ವ

ಇಬ್ರಾಹಿಂಪುರ, ವಿಜಯಪುರ
ಶುಕ್ರವಾರ, ೧೪ ನವೆಂಬರ್ ೨೦೨೫

ಪ್ರೀತಿಯ ಅತ್ತೆಯವರಿಗೆ, ನಿಮ್ಮ ಸೊಸೆ ದಾನೇಶ್ವರಿ ಬಾಗಿ ಮಾಡುವ ನಮಸ್ಕಾರ.

ನಿಮ್ಮ ಗಾಜಿನ ತೊಟ್ಟಿಯ ಅಣಬೆ ಹವಳದ ಮೈತುಂಬ ಗುಳ್ಳೆ ಎದ್ದಿವೆ ಅತ್ತೆ, ಮತ್ತು ಇಷ್ಟು ಚೆಂದದ ಗುಳ್ಳೆಗಳನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಮೊದಲು ಕ್ಷೇಮ ಕೇಳಬೇಕು, ಆಮೇಲೆ ಸುದ್ದಿ ಹೇಳಬೇಕು ಎಂಬುದು ನನಗೆ ಗೊತ್ತು. ಆದರೆ ಈ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕ್ಷೇಮ ಕೇಳಲು ಕುಳಿತರೆ ಪೆನ್ನು ಮುಂದಕ್ಕೇ ಹೋಗಲಿಲ್ಲ. ಅದಕ್ಕೇ ಮೊದಲು ಇದನ್ನು ಚೆಲ್ಲಿಬಿಟ್ಟೆ. ಈಗ ಸಮಾಧಾನವಾಯಿತು, ಈಗ ಕೇಳುತ್ತೇನೆ.

ನಿಮ್ಮ ಮಣಿಕಟ್ಟಿನ ನೋವು ಹೇಗಿದೆ? ಮೈಸೂರಿನ ಥಂಡಿಗೆ ಹೆಚ್ಚಾಗಿಲ್ಲ ತಾನೆ? ಕೂಸನ್ನು ಎತ್ತಿಕೊಳ್ಳುವಾಗ ಬಲಗೈಗೆ ಭಾರ ಬಿಡಬೇಡಿ, ಎಡ ಮೊಳಕೈಯ ಮೇಲೆ ಮಲಗಿಸಿಕೊಳ್ಳಿ. ಅನುರಾಧಾ ಅಕ್ಕ ಸರಿಯಾಗಿ ಊಟ ಮಾಡುತ್ತಿದ್ದಾರೆಯೆ? ನಿಮ್ಮ ಅತ್ತೆ, ಅಂದರೆ ನಮ್ಮ ಆಯಿ, ಕಟ್ಟಿ ಕಳಿಸಿದ ಅಂಟಿನುಂಡೆಯನ್ನು ಅಕ್ಕ ತಿನ್ನುತ್ತಿದ್ದಾರೋ ಅಥವಾ ಅಳಿಯಂದಿರೇ ಮುಗಿಸಿದರೋ ಎಂದು ಆಯಿ ದಿನಾ ವಿಚಾರಿಸುತ್ತಾರೆ. ಮೊದಲ ಬಾಣಂತನ ತವರಿನಲ್ಲೇ ಆಗಬೇಕು ಎಂದು ಆಯಿ ಹಿಡಿದ ಹಟ ನಿಮಗೆ ನೆನಪಿರಬೇಕು. ಡಾಕ್ಟರು ದೂರದ ಪ್ರಯಾಣ ಬೇಡ ಎಂದಾಗ, ‘ಮಗಳು ತವರಿಗೆ ಬರಾಕ ಆಗದಿದ್ರ ತವರ ಮಗಳ ಹಂತ್ಯಾಕ ಹೋಗಬೇಕು’ ಎಂದು ನಿಮ್ಮನ್ನು ದಸರೆಯ ಮರುದಿನವೇ ಗಾಡಿ ಹತ್ತಿಸಿದವರು ಅವರೇ. ಈಗ ‘ವಿಜಯಲಕ್ಷ್ಮಿ ಇಲ್ಲದ ಮನಿ ಬಿಕೋ ಅನ್ನತೈತಿ’ ಎಂದು ಗೊಣಗುವವರೂ ಅವರೇ. ಕೂಸಿನ ಫೋಟೊ ನೋಡಿ ಮೂಗು ನಮ್ಮ ಮನೆಯದೇ ಎಂದು ತೀರ್ಮಾನಿಸಿದ್ದಾರೆ. ನನಗೆ ಮೂಗಿಗಿಂತ ಆ ಮುಷ್ಟಿ ಇಷ್ಟವಾಯಿತು, ಏನನ್ನೋ ಹಿಡಿದುಕೊಂಡೇ ಹುಟ್ಟಿದ ಹಾಗೆ ಬಿಗಿಯಾಗಿದೆ.

ಫೋನ್ ಇರುವಾಗ ಇವಳು ಯಾಕೆ ಇಷ್ಟುದ್ದ ಬರೆಯುತ್ತಾಳೆ ಎಂದು ಅಕ್ಕ ನಗಬಹುದು. ‘ಫೋನಿನ್ಯಾಗ ಹೂಂ, ಹಾಂ ಅನ್ನೂದು ಸಾಕು. ತೊಟ್ಟಿ ವಿಚಾರ ಎಲ್ಲಾ ಕಾಗದದಾಗ ಬರಿ, ನಿನ್ನ ಕಾನ್ವೆಂಟ್ ಕನ್ನಡಾನೂ ಸುಧಾರಿಸ್ತೈತಿ’ ಎಂದು ಬನ್ನಿ ಕೊಡುವಾಗ ಹೇಳಿದವರು ನೀವು. ಅದೂ ಅಲ್ಲದೆ, ಹೋದ ವಾರ ಆಯಿ ನಿಮಗೆ ಫೋನ್ ಮಾಡಿ ‘ಮನ್ಯಾಗ ಅವ್ವ ಬಂದಾಳ’ ಎಂದಷ್ಟೇ ಹೇಳಿ ಇಟ್ಟುಬಿಟ್ಟರಂತೆ. ನೀವು ಗಾಬರಿಯಾಗಿ ನಿಮ್ಮ ಮಗನಿಗೆ ಮಾಡಿದರೆ ಅವರು ಕಚೇರಿಯ ಗಡಿಬಿಡಿಯಲ್ಲಿ ‘ಎಲ್ಲಾರೂ ಆರಾಮ ಅದೀವಿ, ಉಳದದ್ದು ದಾನು ಬರೀತಾಳ’ ಎಂದರಂತೆ. ಹಾಗಾಗಿ ಆ ಉಳಿದದ್ದೆಲ್ಲ ನನ್ನ ತಲೆಗೆ ಬಂತು. ಹೆದರಬೇಡಿ, ಮನೆಯಲ್ಲಿ ಯಾರಿಗೂ ಜ್ವರವಿಲ್ಲ, ಯಾರ ಮೈಮೇಲೂ ಏನೂ ಎದ್ದಿಲ್ಲ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ನೀವು ಹೋದ ಮೇಲೆ ಮುಂದಿನ ಕೋಣೆಯ ತೊಟ್ಟಿಗೆ ಒಂದು ದಿನವೂ ನೀರು ತಪ್ಪಿಸಿಲ್ಲ. ಆರ್‌ಓ ನೀರಿಗೆ ಉಪ್ಪು ಕಲಸಿ, ರಾತ್ರಿಯಿಡೀ ಪಂಪಿನಿಂದ ತಿರುಗಿಸಿ, ಉಪ್ಪು ಅಳೆಯುವ ನಿಮ್ಮ ಆ ಪುಟ್ಟ ದುರ್ಬೀನಿನಲ್ಲಿ ಗೆರೆ ನೋಡಿ, ಆಮೇಲೆಯೇ ಹಾಕುತ್ತೇನೆ. ಕೈಗೆ ಸಾಬೂನಿನ ವಾಸನೆಯಿದ್ದರೆ ತೊಟ್ಟಿಯ ಹತ್ತಿರ ಸುಳಿಯುವುದಿಲ್ಲ. ಕರೆಂಟ್ ಹೋದರೆ ಮೊದಲು ಓಡುವುದು ಫ್ರಿಜ್ಜಿನ ಕಡೆಗಲ್ಲ, ಇನ್ವರ್ಟರಿನ ಕಡೆಗೆ. ನಿಜ ಹೇಳಬೇಕೆಂದರೆ ಮದುವೆಯಾಗಿ ಬಂದಾಗ ನನಗೆ ಆ ತೊಟ್ಟಿ ಕಂಡರೆ ಭಯವಿತ್ತು. ಟಿಕೋಟಾದ ದ್ರಾಕ್ಷಿ ಪಡದಲ್ಲಿ ಓಡಾಡಿ ಬೆಳೆದವಳು ನಾನು, ಸಮುದ್ರವನ್ನು ನೋಡಿದ್ದು ಶಾಲೆಯ ಪ್ರವಾಸದಲ್ಲಿ ಒಂದೇ ಸಲ. ನಮ್ಮ ಈ ಬಿಸಿಲೂರಿನಲ್ಲಿ, ರೈಲು ಹಳಿಯ ಪಕ್ಕದ ಮನೆಯಲ್ಲಿ, ಒಬ್ಬ ನಿವೃತ್ತ ಪ್ರಾಣಿಶಾಸ್ತ್ರದ ಮೇಡಂ ಗಾಜಿನೊಳಗೆ ಸಮುದ್ರ ಇಟ್ಟಿದ್ದಾರೆ ಎಂದರೆ ನನ್ನ ಗೆಳತಿಯರು ಇವತ್ತಿಗೂ ನಂಬುವುದಿಲ್ಲ. ನಾನು ಈಗ ಅದನ್ನು ‘ನಮ್ಮ ಮನೆಯ ಸಮುದ್ರ’ ಎಂದೇ ಹೇಳಿಕೊಂಡು ತಿರುಗುತ್ತೇನೆ.

ಆದರೆ ಆ ಸಮುದ್ರ ನಮ್ಮ ಮನೆಯಲ್ಲಿ ಇರುವುದು ಈ ತಿಂಗಳ ಕೊನೆಯವರೆಗೆ ಮಾತ್ರ ಎಂಬುದು ದಿನಾ ನೀರು ಹಾಕುವಾಗ ನೆನಪಾಗುತ್ತಿತ್ತು. ಹೊರಡುವ ಮುನ್ನ ಊಟಕ್ಕೆ ಕುಳಿತಾಗ ನೀವೇ ಹೇಳಿದ್ದಿರಿ: ‘ನನ್ನ ಕೈ ಸೋತಾವು. ಹೊಸಾ ಸೊಸಿ ಕೊರಳಿಗೆ ಈ ಉಪ್ಪುನೀರಿನ ಕೊಡ ಕಟ್ಟೂದ ಬ್ಯಾಡ. ಸುಶೀಲೇಂದ್ರ ಬಂದ ಎಲ್ಲಾ ಒಯ್ತಾನ, ಅವಗ ಮಾತ ಕೊಟ್ಟೇನಿ.’ ಮೊದಲ ಅಣಬೆಯ ತುಂಡನ್ನು ಬೆಳಗಾವಿಯ ತಮ್ಮ ತೊಟ್ಟಿಯಿಂದ ತಂದುಕೊಟ್ಟವರು ನಿಮ್ಮ ಆ ಹಳೆಯ ವಿದ್ಯಾರ್ಥಿಯೇ, ಹಾಗಾಗಿ ಅವರಿಗೇ ಮರಳಿ ಹೋಗುವುದು ನ್ಯಾಯ ಎಂದೂ ಹೇಳಿದಿರಿ. ನಾನು ತಲೆಯಾಡಿಸಿ ನಿಮ್ಮ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಗುಳ್ಳೆ ಕಾಣಿಸಿದ್ದು ಕಳೆದ ತಿಂಗಳ ಕೊನೆಯಲ್ಲಿ. ನಡುವಿನ ಕಲ್ಲಿನ ಮೇಲಿದೆಯಲ್ಲ, ಹಸಿರು ಮೈಯ, ಕೆಂಪು ಅಂಚಿನ ದೊಡ್ಡದು, ಹಪ್ಪಳದ ಹಾಗೆ ಚಪ್ಪಟೆಯಾಗಿ ಅಂಗೈಯಷ್ಟು ಅರಳಿಕೊಂಡು ಕೂರುವುದು, ಅದರ ಮೇಲೆ. ಬೆಳಿಗ್ಗೆ ನೀಲಿ ದೀಪ ಹೊತ್ತಿದಾಗ ಸಾಸಿವೆಯಷ್ಟು ಹನಿಗಳು ಕೂತ ಹಾಗೆ ಕಂಡಿತು. ಪಂಪಿನಿಂದ ಬಂದ ಗಾಳಿಯ ಗುಳ್ಳೆ ಇರಬೇಕು ಎಂದು ಪಿಚಕಾರಿಯಿಂದ ನೀರು ಚಿಮ್ಮಿಸಿದೆ, ಹಾರಿ ಹೋಗಲಿಲ್ಲ. ಮರುದಿನ ಸಾಬೂದಾಣಿಯಷ್ಟಾದವು. ಆಮೇಲೆ ಒಂದೊಂದಾಗಿ ಉಬ್ಬುತ್ತ ನಮ್ಮ ಪಡದ ಎಳೆಯ ದ್ರಾಕ್ಷಿಯಷ್ಟಾಗಿ, ಕಿತ್ತಳೆ ಬಣ್ಣಕ್ಕೆ ತಿರುಗಿ, ಬೆಳಕು ಬಿದ್ದರೆ ಒಳಗೆ ದೀಪ ಹಚ್ಚಿಟ್ಟಂತೆ ಹೊಳೆಯತೊಡಗಿದವು. ಆ ಹಪ್ಪಳ ಈಗ ಹಪ್ಪಳವಾಗಿ ಉಳಿದಿಲ್ಲ, ಒಂದು ಗೊಂಚಲಾಗಿದೆ. ಇದೇನು ಎಂದು ಹುಡುಕಿದರೆ ಹವಳ ಸಾಕುವವರು ಇದಕ್ಕೆ ‘ಬೌನ್ಸ್’ ಎನ್ನುತ್ತಾರೆ ಎಂದು ತಿಳಿಯಿತು. ಯಾಕೆ ಹೀಗಾಗುತ್ತದೆ ಎಂದು ಮಾತ್ರ ಯಾರೂ ಖಾತ್ರಿಯಾಗಿ ಹೇಳುವುದಿಲ್ಲ. ಒಬ್ಬರು ವೈರಸ್ ಎನ್ನುತ್ತಾರೆ, ಇನ್ನೊಬ್ಬರು ಹುಟ್ಟುಗುಣ ಎನ್ನುತ್ತಾರೆ, ಮತ್ತೊಬ್ಬರು ಇಬ್ಬರನ್ನೂ ಬೈಯುತ್ತಾರೆ.

ನಿಮ್ಮ ಮಗ ಒಂದು ಸಲ ಬಗ್ಗಿ ನೋಡಿ ‘ದಾನು, ಅದು ಗಂಟು. ಕಲ್ಲ ಸಮೇತ ತಗದ ಒಗಿ, ಉಳದದ್ದಕ್ಕ ಹತ್ತೀತು. ರೋಗದ ತೊಟ್ಟಿ ಕೊಟ್ವಿ ಅನ್ನಿಸ್ಕೋಬಾರದು’ ಎಂದು ತೀರ್ಪು ಕೊಟ್ಟು ಶೂ ಹಾಕಿಕೊಂಡರು. ಅವರು ಉಳಿದೆಲ್ಲದರಲ್ಲೂ ಎಷ್ಟು ಒಳ್ಳೆಯವರು ಎಂದು ನಿಮಗೆ ಬರೆಯಬೇಕಿಲ್ಲ. ಸಂಜೆ ಟಿಕೋಟಾ ರಸ್ತೆಯವರೆಗೆ ಬೈಕಿನಲ್ಲಿ ಕರೆದುಕೊಂಡು ಹೋಗಿ ಕಬ್ಬಿನ ಹಾಲು ಕುಡಿಸುತ್ತಾರೆ, ನನ್ನ ಲೋಟಕ್ಕೆ ನಿಂಬೆ ಹೆಚ್ಚು ಹಿಂಡಿಸುತ್ತಾರೆ. ಆದರೆ ಅಣಬೆಯ ವಿಷಯದಲ್ಲಿ ನಾನು ಅವರ ಮಾತು ಕೇಳಲಿಲ್ಲ. ನಮ್ಮಪ್ಪ ಬಳ್ಳಿ ನೋಡುವಾಗ ‘ರೋಗಕ್ಕ ಹಸಿವಿ ಇರಂಗಿಲ್ಲ’ ಎನ್ನುತ್ತಿದ್ದರು. ರೋಗ ಬಿದ್ದ ಬಳ್ಳಿ ನೀರು ಬಿಟ್ಟರೂ ಕುಡಿಯುವುದಿಲ್ಲ, ಎಲೆ ಅಂಚಿನಿಂದ ಸೊರಗುತ್ತ ಬರುತ್ತದೆ. ಈ ಅಣಬೆಯ ಅಂಚು ತಾಜಾ ಇತ್ತು. ಅದಕ್ಕೇ ನೆನೆಸಿದ ಆಹಾರದ ಒಂದು ಕಾಳನ್ನು ಚಿಮಟದಲ್ಲಿ ಹಿಡಿದು ಅದರ ನಡುವೆ ಇಟ್ಟು ನೋಡಿದೆ. ಎಲೆಅಡಿಕೆ ಸಂಚಿಯ ದಾರ ಎಳೆದ ಹಾಗೆ ಸುತ್ತಲಿಂದ ಮುಚ್ಚಿಕೊಂಡು, ಗುಳ್ಳೆ ಸಮೇತ ಉಂಡೆಯಾಗಿ, ಕಾಳನ್ನು ನುಂಗಿ, ಸ್ವಲ್ಪ ಹೊತ್ತಿನ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಅರಳಿತು. ಅಂದೇ ನಿರ್ಧರಿಸಿದೆ, ಉಣ್ಣುವವರನ್ನು ನಾನು ಮನೆಯಿಂದ ಹೊರಗೆ ಹಾಕುವುದಿಲ್ಲ ಎಂದು.

ಇನ್ನು ಆಯಿಯ ಕಥೆ. ನಿಮ್ಮ ಅತ್ತೆ ಆ ತೊಟ್ಟಿಯನ್ನು ಇಷ್ಟು ವರ್ಷ ಟಿವಿಯ ಹಾಗೆ ದೂರದಿಂದಲೇ ನೋಡಿಕೊಂಡು ಬಂದವರು. ಅಂದು ನಾನು ಮತ್ತೆ ಮತ್ತೆ ಅಲ್ಲೇ ನಿಲ್ಲುವುದನ್ನು ನೋಡಿ ಚಾಳೀಸು ಏರಿಸಿಕೊಂಡು ಬಂದರು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಬಹಳ ಹೊತ್ತು ನೋಡಿದರು. ‘ದಾನವ್ವ, ಇದಕ್ಕ ಜ್ವರಾ ಬಂದಿತ್ತೇನ?’ ಎಂದರು. ಅಣಬೆಗೆ ಜ್ವರ ನೋಡಲು ಬರುವುದಿಲ್ಲ ಆಯಿ ಎಂದೆ. ಅವರು ಗಾಜಿನ ಮೇಲೆ ಅಂಗೈ ಇಟ್ಟರು. ಆ ನೀರು ಯಾವಾಗಲೂ ಬೆಚ್ಚಗೇ ಇರುತ್ತದೆಂದು ನಿಮಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ‘ಬಿಸಿ ಐತಿ. ಗುಳ್ಳಿ ಎದ್ದಾವ. ಮ್ಯಾಲ ಕೆಂಪ ಬ್ಯಾರೆ ಆಗ್ಯಾವ. ಅವ್ವ ಬಂದಾಳ’ ಎಂದು ಸೆರಗು ತಲೆಯ ಮೇಲೆ ಎಳೆದುಕೊಂಡು ಕೈಮುಗಿದೇ ಬಿಟ್ಟರು. ಮನುಷ್ಯರ ಮೈಮೇಲೆ ಗುಳ್ಳೆ ಎದ್ದರೆ ದೇವಿ ಬಂದಳು ಎಂದು ನಡೆದುಕೊಳ್ಳುವುದು ನನಗೆ ಗೊತ್ತಿತ್ತು. ದೇವಿ ಅಣಬೆಗೂ ಬರಬಹುದು ಎಂದು ನಾನು ಎಣಿಸಿರಲಿಲ್ಲ. ‘ಆಕೀಗೆ ಮನಶ್ಯಾ ಏನ, ಅಣಬಿ ಏನ. ಮನಿ ಒಳ್ಳೇದ ಅನಸಿದ್ರ ಬರ್ತಾಳ’ ಎಂದರು ಆಯಿ.

ಅಂದಿನಿಂದ ನಮ್ಮ ಮನೆಯಲ್ಲಿ ಅವ್ವನ ಕಾಯಿದೆ. ಬಾಗಿಲಿಗೆ ಬೇವಿನ ತೋರಣ ಬಂತು. ಹೊರಗಿನವರು ಒಳಗೆ ಬರುವ ಹಾಗಿಲ್ಲ. ಒಲೆಯ ಮೇಲೆ ಎಣ್ಣೆ ಚುರ್ ಎನ್ನುವ ಹಾಗಿಲ್ಲ, ಆ ಸಪ್ಪಳಕ್ಕೆ ಅವ್ವ ಸಿಟ್ಟಾಗುತ್ತಾಳೆ. ಒಗ್ಗರಣೆಯಿಲ್ಲದ ಬೇಳೆ, ಒಗ್ಗರಣೆಯಿಲ್ಲದ ಪಲ್ಯ, ಮೊಸರು, ಮತ್ತೆ ಒಗ್ಗರಣೆಯಿಲ್ಲದ ಬೇಳೆ. ಮಾವನವರ ಮುಖ ನೀವು ನೋಡಬೇಕಿತ್ತು. ಮೂರನೆಯ ದಿನ ಗಾಂಧಿ ಚೌಕದ ತಮ್ಮ ಸೈಕಲ್ ಅಂಗಡಿಯಿಂದ ಬರುವಾಗ ಸದ್ದಿಲ್ಲದೆ ಮೆಣಸಿನಕಾಯಿ ಭಜಿ ತಿಂದು ಬಂದಿದ್ದಾರೆ. ಆಯಿ ಬಾಗಿಲಲ್ಲೇ ಹಿಡಿದರು. ‘ಬಸಗೊಂಡಾ, ಬಾಯಿ ಯಾಕ ಎಣ್ಣಿ ಎಣ್ಣಿ ಆಗೇತಿ?’ ‘ಅಂಗಡ್ಯಾಗ ಸೈಕಲ್ ಚೈನಿಗೆ ಎಣ್ಣಿ ಹಾಕಿದ್ನೆಬೇ.’ ‘ಬಾಯಾಗ ಹಿಡದ ಹಾಕಿದೇನ ಚೈನಾ?’ ಮಾವನವರು ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದರು. ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ನಗು ನಿಂತದ್ದು ಅದೇ ಸಂಜೆ. ಮುಂದಿನ ಕೋಣೆಗೆ ಬಂದರೆ ಆಯಿ ತಾಮ್ರದ ತಂಬಿಗೆಯಲ್ಲಿ ಅರಿಶಿನದ ನೀರು ಕಲಸಿ, ಬೇವಿನ ಟೊಂಗೆ ಅದ್ದಿ, ತೊಟ್ಟಿಯ ಮುಚ್ಚಳ ತೆಗೆಸಲು ನನ್ನನ್ನೇ ಕಾಯುತ್ತ ನಿಂತಿದ್ದಾರೆ. ಈ ನೀರಿಗೆ ತಾಮ್ರದಷ್ಟು ವಿಷ ಇನ್ನೊಂದಿಲ್ಲ, ತಾಮ್ರದ ಉಂಗುರದ ಕೈಯನ್ನೂ ಅದ್ದಬಾರದು ಎಂದು ನೀವು ಮೊದಲ ದಿನವೇ ಹೇಳಿಕೊಟ್ಟಿದ್ದು ಕಿವಿಯಲ್ಲಿತ್ತು. ಆದರೆ ಆಯಿಗೆ ವಿಜ್ಞಾನ ಹೇಳಿ ಅವರ ಕೈಯ ತಂಬಿಗೆ ಇಳಿಸಲು ನಾನು ಎಷ್ಟರವಳು? ನೀವಿದ್ದರೆ ಏನು ಹೇಳುತ್ತಿದ್ದಿರೋ ತಿಳಿಯದು, ನನಗೆ ತೋಚಿದ್ದನ್ನು ಹೇಳಿದೆ. ‘ಆಯಿ, ಅವ್ವ ಇರೂತನಕ ಮೈಗೆ ನೀರ ಹಾಕಬಾರದಲ್ಲರಿ? ಅವ್ವನ್ನ ಕಳಿಸಿದ ಮ್ಯಾಲೆ ಎರಕೊಳ್ಳೋದು.’ ಟೊಂಗೆ ಹಿಡಿದ ಕೈ ಹಾಗೇ ನಿಂತಿತು. ‘ಅದು ನೀರಾಗ ಐತಲ್ಲ ಮತ್ತ?’ ಎಂದರು. ‘ಅದು ಅದರ ಗಾಳಿ ಆಯಿ. ನಾವು ಗಾಳ್ಯಾಗ ಇದ್ದಂಗ.’ ಅವರು ತಂಬಿಗೆಯನ್ನೂ ನನ್ನನ್ನೂ ಒಮ್ಮೆ ನೋಡಿದರು. ‘ಖರೇ ಅದ. ಕಾನ್ವೆಂಟಿನ್ಯಾಗ ಇದನ್ನೂ ಕಲಿಸ್ತಾರೇನ?’ ‘ಇಲ್ಲರಿ, ಎಂಟನೇ ಕ್ಲಾಸಿನ್ಯಾಗ ನನಗೂ ಅವ್ವ ಬಂದಿದ್ಲು. ನಮ್ಮವ್ವ ಮೈಗೆ ಹನಿ ನೀರ ಸೋಕಿಸಿರಲಿಲ್ಲ.’ ಅಷ್ಟು ಸಾಕಾಯಿತು. ಬೇವಿನ ಎಲೆ ಗಾಜಿನ ಹೊರಗೆ ಮಾಲೆಯಾಗಿ ಇರಬೇಕು, ಒಂದು ಎಸಳೂ ಒಳಗೆ ಬೀಳಬಾರದು ಎಂದು ನಮ್ಮಿಬ್ಬರಲ್ಲಿ ಒಪ್ಪಂದವಾಯಿತು. ಮಾಲೆಯನ್ನು ಆಯಿಯೇ ಕಟ್ಟಿದರು. ಹಳದಿ ನೀರು ತುಳಸಿಗೆ ಹೋಯಿತು. ಆ ಸಂಜೆ ನನ್ನ ಬಗ್ಗೆ ನನಗೇ ಬಂದ ಜಂಬ ಇವತ್ತಿಗೂ ಇಳಿದಿಲ್ಲ ಅತ್ತೆ.

ಆ ಜಂಬದಲ್ಲೇ ಒಂದು ಕೆಲಸ ಮಾಡಿದೆ. ಗುಳ್ಳೆಗಳ ಫೋಟೊ ತೆಗೆದು ಸುಶೀಲೇಂದ್ರ ಅವರಿಗೆ ಕಳಿಸಿದೆ. ಮೆಚ್ಚಲಿ ಎಂದಷ್ಟೇ, ಬೇರೇನೂ ಇರಲಿಲ್ಲ. ಕೂಸು ಹುಟ್ಟಿದ ವಾರ ಅದು, ನಿಮಗೆ ಕಳಿಸಿ ತೊಂದರೆ ಕೊಡುವುದು ಬೇಡವೆನಿಸಿತ್ತು. ಅವರು ಆ ಕ್ಷಣವೇ ಫೋನ್ ಮಾಡಿದರು. ‘ತಂಗೀ, ಇದು ಭಾಳ ಅಪರೂಪ. ನಾನು ಎಷ್ಟ ಅಣಬಿ ಇಟ್ಟೇನಿ, ಒಂದಕ್ಕೂ ಹಿಂಗ ಎದ್ದಿಲ್ಲ. ತಿಂಗಳ ಕೊನೀತನಕ ಯಾಕ ಕಾಯೂದು? ಬರೂ ರವಿವಾರ ಗಾಡಿ ತೊಗೊಂಡ ಬರ್ತೀನಿ’ ಎಂದರು. ಹೊಗಳಿಕೆಯ ಖುಷಿ ಅಲ್ಲಿಗೇ ಮುಗಿಯಿತು. ನಾನಾಗಿಯೇ ಕರೆದ ಹಾಗಾಯಿತಲ್ಲ. ಇಡೀ ಊರಿಗೆ ತೋರಿಸಿ ಮೆರೆಯಬೇಕೆಂದಿದ್ದದ್ದನ್ನು ನನ್ನ ಫೋನಿನಿಂದಲೇ ಬೆಳಗಾವಿಗೆ ಕೊಟ್ಟುಬಿಟ್ಟೆ ಎನ್ನಿಸಿತು. ರವಿವಾರದವರೆಗೆ ನಾನು ಯಾರಿಗೂ ಏನೂ ಹೇಳಲಿಲ್ಲ. ಅಣಬೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ನಿಮ್ಮ ಮಗ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ಕೂತರು, ಒಗೆದುಬಿಡು ಎಂದು ಮತ್ತೆ ಹೇಳಲಿಲ್ಲ.

ರವಿವಾರ ಸುಶೀಲೇಂದ್ರ ಅವರು ಹೇಳಿದಂತೆಯೇ ಬಂದರು. ಪಿಕಪ್ ಗಾಡಿ, ಅದರ ತುಂಬ ಡ್ರಮ್ಮು, ಥರ್ಮೊಕೋಲ್ ಡಬ್ಬಿ. ನಾನು ಒಳಗಿನಿಂದ ಬರುವಷ್ಟರಲ್ಲಿ ಆಯಿ ಹೊಸ್ತಿಲ ಮೇಲೆ ಅಡ್ಡ ನಿಂತಾಗಿತ್ತು. ‘ಒಳಗ ಬರಬ್ಯಾಡಪ್ಪಾ, ಮನ್ಯಾಗ ಅವ್ವ ಬಂದಾಳ.’ ಪಾಪ, ಅವರು ತೋರಣ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ‘ಯಾರಿಗೆ ಬಂದಾಳ್ರಿ ಅಮ್ಮಾ?’ ‘ಅಣಬಿಗೆ.’ ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ‘ನಾ ಅದನ್ನ ಒಯ್ಯಾಕ ಬಂದೇನ್ರಿ. ವಿಜಯಲಕ್ಷ್ಮೀ ಮೇಡಂ ಕೊಡ್ತೀನಿ ಅಂದಾರ.’ ಆಯಿ ಗಾಡಿಯಲ್ಲಿದ್ದ ಡಬ್ಬಿಗಳನ್ನು ಒಂದೊಂದಾಗಿ ನೋಡಿದರು. ‘ಅವ್ವನ್ನ ಡಬ್ಬ್ಯಾಗ ತುಂಬಿಕೊಂಡ ಹೋಗಾವ ನೀ ಯಾವೂರಾವೋ ತಮ್ಮಾ?’ ‘ಬೆಳಗಾವಿ ರೀ.’ ‘ಬೆಳಗಾವ್ಯಾಗ ನಿಮಗ ಯಾರೂ ಹೇಳಿಲ್ಲೇನ? ಆಕಿ ತಾನ ಬರ್ತಾಳ, ತಾನ ಹೋಗ್ತಾಳ. ಪಿಕಪ್ಪಿನ್ಯಾಗ ಹೋಗಂಗಿಲ್ಲ.’ ಪಕ್ಕದ ಮನೆಯ ಮಾಳವ್ವ ಗೋಡೆಯ ಮೇಲಿಂದ ಇಣುಕಿ ನೋಡುತ್ತಿದ್ದಳು. ನಮ್ಮ ಮನೆಯಿಂದ ಏನೂ ಹೊರಗೆ ಕೊಡುವ ಹಾಗಿಲ್ಲದ್ದರಿಂದ ಅವಳೇ ಅವರಿಗೆ ಚಹಾ ತಂದುಕೊಟ್ಟಳು. ಅವರು ಕಟ್ಟೆಯ ಮೇಲೆ ಕೂತು ಕುಡಿಯುತ್ತ, ಗುಳ್ಳೆ ಆರಿ ಅವ್ವನನ್ನು ಕಳಿಸುವುದು ಯಾವಾಗ ಎಂದು ಆಯಿಯನ್ನೇ ಕೇಳಿದರು. ‘ಆರಿದ ಮ್ಯಾಲೆ’ ಎಂದರು ಆಯಿ. ಸುಶೀಲೇಂದ್ರ ಅವರು ಸುಳ್ಳು ಹೇಳುವ ಮನುಷ್ಯರಲ್ಲ ಅತ್ತೆ, ನೀವು ಒಳ್ಳೆಯ ವಿದ್ಯಾರ್ಥಿಯನ್ನೇ ತಯಾರು ಮಾಡಿದ್ದೀರಿ. ‘ಅಮ್ಮಾ, ಇವು ಆರೂ ಗುಳ್ಳಿ ಅಲ್ಲರಿ. ನಾ ಕೇಳಿದ ಮಟ್ಟಿಗೆ ಒಮ್ಮೆ ಎದ್ದರ ಹೆಚ್ಚಾಗಿ ಹಂಗ ಉಳೀತಾವು’ ಎಂದರು. ಆಯಿ ತಿರುಗಿ ತೊಟ್ಟಿಯ ಕಡೆ ನೋಡಿದರು. ಆಮೇಲೆ, ‘ಹಂಗಾರ ಇವಳು ಕಾಡಾಕ ಬಂದಾಕಿ ಅಲ್ಲ, ಇರಾಕ ಬಂದಾಕಿ’ ಎಂದು ಹೇಳಿ ಹೊಸ್ತಿಲ ಮೇಲೆಯೇ ಕೂತುಬಿಟ್ಟರು.

ಅವರನ್ನು ಹಾಗೆಯೇ ಕಳಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಅಷ್ಟು ದೂರದಿಂದ ಬಂದವರು, ಅಣಬೆಯ ಬೀಜ ಅವರ ಮನೆಯದು. ಮುಂದಿನ ಕೋಣೆಯ ಕಿಟಕಿಯ ಪರದೆ ಸರಿಸಿ, ದೀಪ ಹಚ್ಚಿ, ಅಂಗಳದಿಂದಲೇ ನೋಡಿ ಎಂದೆ. ಕಿಟಕಿಯ ಸರಳಿಗೆ ಹಣೆಯೂರಿ ನಿಂತವರು ಚಹಾ ಆರಿದರೂ ಕದಲಲಿಲ್ಲ. ಉಪ್ಪು ಎಷ್ಟಿಟ್ಟಿದ್ದೀರಿ, ದೀಪ ಎಷ್ಟು ಹೊತ್ತು ಉರಿಸುತ್ತೀರಿ, ಏನು ತಿನ್ನಿಸುತ್ತೀರಿ ಎಂದು ಕೇಳಿದರು. ಒಳಗಿನಿಂದ ನಾನು ಒಂದೊಂದಕ್ಕೂ ತಡವರಿಸದೆ ಉತ್ತರ ಕೊಟ್ಟೆ, ಪರೀಕ್ಷೆಯ ಹಾಲಿನಲ್ಲೂ ಹಾಗೆ ಹೇಳಿದವಳಲ್ಲ ನಾನು. ಕೊನೆಗೆ ಅವರು ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ, ನೀವು ಅಕ್ಕನಿಗೂ ಓದಿ ಹೇಳಿ. ‘ಮೇಡಂ ಕೈಯಾಗ ಚಂದ ಇತ್ತು. ನಿಮ್ಮ ಕೈಯಾಗ ಸಂಭ್ರಮ ಮಾಡೇತಿ.’ ಆ ಮಾತು ಕೇಳಿದ ಮೇಲೆ ನನ್ನ ಬಾಯಿ ನನ್ನ ಹಿಡಿತದಲ್ಲಿ ಉಳಿಯಲಿಲ್ಲ. ‘ಇದನ್ನ ನಾನ ಇಟ್ಟುಕೊಂಡ್ರ ನೀವು ಬ್ಯಾಸರ ಮಾಡ್ಕೋತೀರೇನ್ರಿ?’ ಎಂದು ಕೇಳಿಬಿಟ್ಟೆ. ಅವರು ಕಿಟಕಿಯಿಂದ ಹಿಂದೆ ಸರಿದು ಸರಳವಾಗಿ ಹೇಳಿದರು. ‘ಬ್ಯಾಸರ ಆಗ್ತೈತಿ, ಇಲ್ಲ ಅನ್ನಂಗಿಲ್ಲ. ಆದರ ಮಾತ ಕೊಟ್ಟವರು ನೀವಲ್ಲ, ನಮ್ಮ ಮೇಡಂ. ಅವರು ಬ್ಯಾಡ ಅಂದ್ರ ನಾ ಮತ್ತ ಬರಂಗಿಲ್ಲ. ಅವರು ಏನೂ ಅನ್ನದಿದ್ರ ತಿಂಗಳ ಕೊನೀಗೆ ಬರ್ತೀನಿ, ಅವಾಗ ಅಮ್ಮಾರು ದಾರಿ ಬಿಡಬೇಕು.’ ಖಾಲಿ ಡ್ರಮ್ಮುಗಳು ಗಡಗಡ ಎನ್ನುತ್ತ ರೈಲು ಗೇಟಿನವರೆಗೂ ಕೇಳಿಸಿದವು.

ಮಂಗಳವಾರ ಆಯಿ ಮೊಸರನ್ನ ಕಲಸಿ, ನನ್ನ ತಲೆಯ ಮೇಲೆ ಬುತ್ತಿ ಹೊರಿಸಿ, ದುರಗವ್ವನ ಗುಡಿಗೆ ಕರೆದುಕೊಂಡು ಹೋದರು. ಕಳಿಸಲು ಅಲ್ಲ, ಇರಲು ಬಂದಾಕೆಗೆ ಉಡಿ ತುಂಬಲು. ಹಾಗೆ ಒಂದು ಪದ್ಧತಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ತವರೂರು ಕಾಖಂಡಕಿಯಲ್ಲಿ ತಮ್ಮ ತಾಯಿ ಮಾಡುತ್ತಿದ್ದರು ಎಂದರು, ಎದುರಾಡುವವರು ಯಾರು? ಬಂದ ಕೂಡಲೇ ಒಗ್ಗರಣೆಗೆ ಅಪ್ಪಣೆಯಾಯಿತು. ಸಾಸಿವೆ ಸಿಡಿಯುವ ಸಪ್ಪಳ ಕೇಳಲು ಮಾವನವರು ಅಂಗಡಿಯಿಂದ ಬೇಗ ಬಂದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ತೊಟ್ಟಿಯ ಬೇವಿನ ಮಾಲೆಯನ್ನು ಮಾತ್ರ ಆಯಿ ವಾರಕ್ಕೊಮ್ಮೆ ಬದಲಿಸುತ್ತಾರಂತೆ. ನಾನು ಊರಲ್ಲಿ ಇಲ್ಲದಾಗ ನೀರಿನ ಕೆಲಸ ನಿಮ್ಮ ಮಗನದು. ದುರ್ಬೀನಿನಲ್ಲಿ ಉಪ್ಪಿನ ಗೆರೆ ನೋಡುವುದನ್ನು ಕಲಿಸಿದ್ದೇನೆ, ಮೊದಲ ಸಲ ಅದನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದರು. ಗಂಟು ಎಂದವರೇ ಈಗ ಕಚೇರಿಯಲ್ಲಿ ಎಲ್ಲರಿಗೂ ಫೋಟೊ ತೋರಿಸಿ ‘ನಮ್ಮ ಮನಿಯಾಕಿ ಬೆಳಸ್ಯಾಳ’ ಎನ್ನುತ್ತಾರಂತೆ. ನನಗೆ ಅದನ್ನು ಅವರ ಗೆಳೆಯರೊಬ್ಬರು ಹೇಳಿದರು, ಅವರಾಗಿ ಹೇಳಲಿಲ್ಲ.

ಅನುರಾಧಾ ಅಕ್ಕನಿಗೆ ನನ್ನ ನಮಸ್ಕಾರ, ಅಳಿಯಂದಿರಿಗೂ. ಕೂಸಿನ ಆ ಬಿಗಿ ಮುಷ್ಟಿಗೆ ಒಂದು ಮುತ್ತು. ಮಾವನವರು ನಿಮಗೆ ಹೇಳಲು ಏನೂ ಇಲ್ಲ ಎಂದರು, ಆಮೇಲೆ ಎರಡು ಸಲ ಬಂದು ‘ಆರಾಮ ಅದೀನಿ ಅಂತ ಬರಿ’ ಎಂದರು, ಬರೆದಿದ್ದೇನೆ. ಆಯಿ ನಿಮಗೆ ಆಶೀರ್ವಾದ ಹೇಳಿ, ಬಾಣಂತಿಯ ಕಿವಿಗೆ ಹತ್ತಿ ಇಡುವುದನ್ನು ಮರೆಯಬೇಡ ಎಂದಿದ್ದಾರೆ. ನೀವೂ ತಲೆಗೆ ಸ್ಕಾರ್ಫ್ ಕಟ್ಟಿಕೊಳ್ಳಿ.

ನಿಮ್ಮ ಪ್ರೀತಿಯ ಸೊಸೆ,
ದಾನೇಶ್ವರಿ

ತಾ.ಕ.: ಲಕೋಟೆ ಅಂಟಿಸಲು ಹೋಗಿ ಮತ್ತೆ ತೆಗೆದೆ, ಯಾಕೆಂದರೆ ಬರೆಯಬೇಕಾದದ್ದನ್ನೇ ಬರೆದಿಲ್ಲ. ತೊಟ್ಟಿಯನ್ನು ನೀವು ಕೊಡಲು ಹೊರಟದ್ದು ನನ್ನ ಸಲುವಾಗಿ ಎಂದು ನನಗೆ ಗೊತ್ತು. ನನಗೆ ಹೊರೆಯಾಗಬಾರದು ಎಂದು ನೀವು ಯೋಚಿಸಿದಿರಿ, ನನ್ನನ್ನು ಕೇಳಲಿಲ್ಲ. ಹೊಸ ಸೊಸೆ ಬಾಯಿ ಹಾಕಬಾರದು ಎಂದು ನಾನೂ ರೊಟ್ಟಿ ಬಡಿಸಿ ಸುಮ್ಮನಾದೆ. ಈಗ ಹೇಳುತ್ತೇನೆ. ನನಗೆ ತೊಟ್ಟಿ ಬೇಕು ಅತ್ತೆ. ಅವ್ವನ ನೆಪದಿಂದ ಉಳಿದದ್ದು ಬೇಡ, ನೀವು ನನ್ನ ಕೈಗೆ ಕೊಟ್ಟದ್ದಾಗಿ ಬೇಕು. ನೀರು ಎತ್ತುವುದು ನನ್ನ ಕೆಲಸ, ಕುರ್ಚಿಯಲ್ಲಿ ಕೂತು ತಪ್ಪು ಹಿಡಿಯುವುದು ನಿಮ್ಮ ಕೆಲಸ. ಸುಶೀಲೇಂದ್ರ ಅವರಿಗೆ ಕೊಟ್ಟ ಮಾತನ್ನು ನೀವು ಹಿಂದಕ್ಕೆ ತೆಗೆದುಕೊಂಡರೆ, ಅಣಬೆ ಮರಿ ಹಾಕಿದಾಗ ಮೊದಲನೆಯದನ್ನು ನಾನೇ ಬೆಳಗಾವಿಗೆ ಒಯ್ದು ಕೊಡುತ್ತೇನೆ. ಹೂಂ ಎನ್ನುವುದಾದರೂ ಊಹೂಂ ಎನ್ನುವುದಾದರೂ ಫೋನಿನಲ್ಲಿ ಹೇಳಬೇಡಿ, ನನ್ನ ಮುಖ ನೋಡಿ ಹೇಳಿ. ತೊಟ್ಟಿಲ ಕಾರ್ಯಕ್ಕೆ ಉಳಿದವರು ರವಿವಾರ ಬರುತ್ತಾರೆ, ನಾನು ಒಂದು ದಿನ ಮೊದಲೇ ಒಬ್ಬಳೇ ಹೊರಡುತ್ತಿದ್ದೇನೆ. ಬರುವ ಶುಕ್ರವಾರ ಸಂಜೆ ಗೋಲಗುಂಬಜ ಎಕ್ಸ್‌ಪ್ರೆಸ್ ಹತ್ತಿ, ೨೨ನೇ ತಾರೀಖು ಶನಿವಾರ ಬೆಳಿಗ್ಗೆ ಮೈಸೂರಿನಲ್ಲಿ ಇಳಿಯುತ್ತೇನೆ.